ನೇರಳೆ ಹಣ್ಣು ತಿನ್ನದ ಹುಡುಗ

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಹೆಡ್‌ಮೇಷ್ಟ್ರು ಫೋನ್ ಮಾಡಿದಾಗ ಕಣ್ಣಿಗೆ ಬಂದದ್ದು ಶಾಲೆಯ ಆ ಏರುದಾರಿ. ಹೊಸನಗರದ ಕಡೆಯವರಿಗೆ ಇಂಥ ದಾರಿ ಹೊಸದೇನಲ್ಲ. ಕಾಲುಸಂಕ ದಾಟಬೇಕು, ತೋಟದ ಅಂಚು ಹಿಡಿದು ನಡೆಯಬೇಕು, ಆಮೇಲೆ ಧರೆ ಕಡಿದು ಮಾಡಿದ ಮೆಟ್ಟಿಲು. ಮಳೆಗಾಲದಲ್ಲಿ ಮೇಲೆ ಮುಟ್ಟುವ ಹೊತ್ತಿಗೆ ಕಾಲಿಗೆ ನಾಲ್ಕೈದು ಇಂಬಳ ಹತ್ತಿರುತ್ತಿದ್ದವು. ಅವನ್ನು ಕಿತ್ತು, ಕೊಡೆ ಮಡಚಿ ಒಳಗೆ ಹೋದರೆ ಪ್ರಾರ್ಥನೆ ಅರ್ಧ ಮುಗಿದಿರುತ್ತಿತ್ತು.

ಆ ಮೆಟ್ಟಿಲ ಮೇಲೆ ನಮ್ಮ ಕ್ಲಾಸಿನ ಒಬ್ಬ ದಿನಾ ಕೂರುತ್ತಿದ್ದ. ಹತ್ತು ಹದಿನೈದು ಮೆಟ್ಟಿಲು ಹತ್ತಿದ್ದೇ ತಡ, ಚೀಲ ಪಕ್ಕಕ್ಕಿಟ್ಟು, ಮಂಡಿ ಎದೆಗೊತ್ತಿಕೊಂಡು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಎರಡು ನಿಮಿಷಕ್ಕೆ ಎದ್ದು ಹತ್ತುತ್ತಿದ್ದ. ಮತ್ತೆ ಕೂರುತ್ತಿದ್ದ. ತುಟಿ ಯಾವಾಗಲೂ ನೀಲಿ, ಉಗುರೂ ಹಾಗೇ. ಬೆರಳ ತುದಿ ಉಬ್ಬಿ ಉಗುರು ಗಿಳಿಯ ಕೊಕ್ಕಿನಂತೆ ಬಾಗಿತ್ತು. ನೇರಳೆ ಹಣ್ಣಿನ ಕಾಲದಲ್ಲಿ ನಮ್ಮೆಲ್ಲರ ತುಟಿಗೂ ಅದೇ ಬಣ್ಣ ಬರುತ್ತಿತ್ತು. ಹಾಗಾಗಿ ಅವನಿಗೆ ‘ನೇರಳೆ’ ಅಂತ ಹೆಸರು ಬಿತ್ತು. ಇಟ್ಟವನು ನಾನೇ ಅಂತ ಕಾಣುತ್ತದೆ. ಅವನು ನೇರಳೆ ಹಣ್ಣು ತಿಂದದ್ದನ್ನು ಮಾತ್ರ ನಾನು ನೋಡಿಲ್ಲ. ಮರದವರೆಗೆ ಓಡಿಬರಲು ಅವನಿಂದ ಆಗುತ್ತಿರಲಿಲ್ಲ. ನಾವು ಜೇಬಲ್ಲಿ ತಂದುಕೊಡುತ್ತಲೂ ಇರಲಿಲ್ಲ.

1996ರ ಮಳೆಗಾಲ. ನಾವು ಎಂಟನೇ ಕ್ಲಾಸು. ಒಂದು ದಿನ ಬೆಲ್ ಹೊಡೆದಾಗಿತ್ತು, ಮೇಲೆ ಪಿ.ಟಿ. ಮೇಷ್ಟ್ರು ಕೋಲು ಹಿಡಿದು ನಿಂತಿದ್ದರು. ಇವನು ಕೂತ. “ಏಳಾ ಮಾರಾಯ, ನಿನ್ನಿಂದ ನಂಗೂ ಪೆಟ್ಟು” ಅಂತ ರಟ್ಟೆ ಹಿಡಿದು ಎಬ್ಬಿಸಿದೆ. ಎದ್ದ. ನಾಲ್ಕು ಮೆಟ್ಟಿಲು ಹತ್ತಿದ. ಆಮೇಲೆ ಮುಖ ಬೂದಿಬಣ್ಣಕ್ಕೆ ತಿರುಗಿತು. ಬಾಯಿ ತೆರೆದು ಉಸಿರೆಳೆಯುತ್ತ ನನ್ನ ಮೇಲೇ ಒರಗಿಬಿಟ್ಟ. ವಿಜ್ಞಾನದ ಮೇಷ್ಟ್ರು ಹಿಂದಿನಿಂದ ಬರುತ್ತಿದ್ದವರು ಕೊಡೆ ಬಿಸಾಡಿ ಓಡಿ ಬಂದರು. ಅವನನ್ನು ಮೊದಲಿದ್ದ ಹಾಗೇ ಕೂರಿಸಿದರು. “ಅವ ಹೆಂಗೆ ಕೂರ್ತಾನೋ ಹಂಗೇ ಬಿಡು” ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿತ್ತೋ ಇಲ್ಲವೋ.

ಈ ಮೇಷ್ಟ್ರ ಬಗ್ಗೆ ಇನ್ನೊಂದು ಹೇಳಬೇಕು. ಹೃದಯದ ಪಾಠಕ್ಕೆ ಅವರು ಪುಸ್ತಕ ಮುಟ್ಟಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ಪಕ್ಕದ ತೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತಿದ್ದರು. ಒಬ್ಬ ಮರದ ಮೇಲೆ, ಇನ್ನೊಬ್ಬ ಕೆಳಗೆ ಕೈಪಂಪಿನ ಹಿಡಿ ಆಚೀಚೆ ಎಳೆಯುತ್ತಿದ್ದ. ಮೈಲುತುತ್ತದ ನೀಲಿ ನೀರು ಎಲ್ಲರ ಅಂಗಿಗೂ ಸಿಡಿದಿತ್ತು. ಮೇಷ್ಟ್ರು ಪಂಪು ನಿಲ್ಲಿಸಿ, ಬಿಚ್ಚಿಸಿ, ಒಳಗಿನ ವಾಲ್ವು ತೋರಿಸಿದರು. “ಮುಂದೆ ಹೋದದ್ದು ಹಿಂದೆ ಬರಬಾರದು. ಇದರ ಕೆಲಸ ಅಷ್ಟೇ.” ತೋಟದ ಯಜಮಾನರಿಗೆ ಅರ್ಧ ಗಂಟೆ ಕೆಲಸ ಕೆಟ್ಟದ್ದಕ್ಕೆ ಸಿಟ್ಟು ಬಂದಿತ್ತು. ಆಮೇಲೆ ಅವರೇ ಎಲ್ಲರಿಗೂ ಬೆಲ್ಲ ನೀರು ಕೊಟ್ಟರು. ಇವತ್ತಿಗೂ ಮಗುವಿನ ಅಪ್ಪ ಅಮ್ಮನಿಗೆ ವಾಲ್ವು ಸೋರುತ್ತಿದೆ ಎಂದು ಹೇಳಬೇಕಾದರೆ ನಾನು ಆ ಪಂಪನ್ನೇ ತರುತ್ತೇನೆ. ನಮ್ಮ ಕಡೆಯವರಿಗೆ ಅದಕ್ಕಿಂತ ಚೆನ್ನಾಗಿ ಅರ್ಥವಾಗುವುದು ಬೇರೆ ಇಲ್ಲ.

ಓದಿನ ಕಥೆ ಬೇಗ ಮುಗಿಸುತ್ತೇನೆ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಮಕ್ಕಳ ವೈದ್ಯದಲ್ಲಿ ಎಂ.ಡಿ. 3 ವರ್ಷ, ಮಕ್ಕಳ ಹೃದಯಕ್ಕೆಂದೇ ಡಿ.ಎಂ. ಮತ್ತೆ 3 ವರ್ಷ. ನಡುವೆ ಎಂಟ್ರೆನ್ಸುಗಳಿಗೆ ಕಾದದ್ದು ಬೇರೆ. ನಮ್ಮಜ್ಜಿ ಪ್ರತಿ ದೀಪಾವಳಿಗೂ ಅಮ್ಮನನ್ನು ಗುಟ್ಟಾಗಿ ಕೇಳುತ್ತಿದ್ದರಂತೆ: “ಮಾಣಿ ಇನ್ನೂ ಓದ್ತಾ ಇದ್ದಾನಾ? ಫೇಲಾಗಿದ್ರೆ ನಂಗಾದ್ರೂ ಹೇಳು.”

ಆದರೆ ಆ ಕೊನೆಯ 3 ವರ್ಷದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಮಕ್ಕಳ ಹೃದಯ ಅಂದರೆ ದೊಡ್ಡವರ ಹೃದಯದ ಸಣ್ಣ ಕಾಪಿ ಅಂತ ನಾನೂ ಅಂದುಕೊಂಡಿದ್ದೆ. ದೊಡ್ಡವರಲ್ಲಿ ಸರಿಯಾಗಿ ಕಟ್ಟಿದ ಮನೆ ಹಳತಾಗಿ ಸೋರುತ್ತದೆ. ಮಕ್ಕಳಲ್ಲಿ ಮನೆ ಕಟ್ಟುವಾಗಲೇ ಬಾಗಿಲು ಎಲ್ಲೋ, ಗೋಡೆ ಎಲ್ಲೋ ಆಗಿರುತ್ತದೆ. ತಾಯಿಯ ಹೊಟ್ಟೆಯಲ್ಲಿ ಮೊದಲ ಎಂಟು ವಾರದೊಳಗೆ ಈ ಕಟ್ಟೋಣ ಬಹುಪಾಲು ಮುಗಿದಿರುತ್ತದೆ, ಎಷ್ಟೋ ಸಲ ತಾನು ಬಸುರಿ ಅಂತ ಅವಳಿಗೆ ಗೊತ್ತಾಗುವ ಹೊತ್ತಿಗೆ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಇಂಥ ಏನಾದರೊಂದು ತೊಂದರೆ ಇರುತ್ತದೆ. ಎಲ್ಲವೂ ದೊಡ್ಡದಲ್ಲ. ಕೆಳಗಿನ ಎರಡು ಕೋಣೆಗಳ ನಡುವಿನ ಸಣ್ಣ ತೂತು ಎಷ್ಟೋ ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಆಗ ತಾನೇ ಹುಟ್ಟಿದ ಮಗುವಿನ ಹೃದಯ ಗಾತ್ರದಲ್ಲಿ ಒಂದು ಹಣ್ಣಡಿಕೆಯಷ್ಟು. ನಿಮಿಷಕ್ಕೆ 140 ಸಲ ಬಡಿಯುತ್ತಿರುತ್ತದೆ. ಅದರ ಚಿತ್ರ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ ಹಿಡಿಯಬೇಕು, ಮಗು ಅಳುತ್ತಿರುತ್ತದೆ. ಮೊದಲ ಆರು ತಿಂಗಳು ನಾನು ಕಲಿತದ್ದು ಜೆಲ್ಲನ್ನು ಕೈಯಲ್ಲಿ ಬಿಸಿಮಾಡಿ ಹಚ್ಚುವುದು, ಹಾಲು ಕುಡಿದು ಮಂಪರು ಬಂದ ಹೊತ್ತು ನೋಡಿ ಪ್ರೋಬ್ ಇಡುವುದು. ನಿಜ ಹೇಳಬೇಕೆಂದರೆ ಆ ಕತ್ತಲೆ ಕೋಣೆಯಲ್ಲಿ ಒಳ್ಳೆ ಡಾಕ್ಟರಿಗಿಂತ ಒಳ್ಳೆ ಅಜ್ಜಿಗೆ ಕೆಲಸ ಜಾಸ್ತಿ. ಹೃದಯ ನೋಡುವ ಮೊದಲು ಹೊಟ್ಟೆ ನೋಡು ಎನ್ನುತ್ತಿದ್ದರು ನಮ್ಮ ಪ್ರೊಫೆಸರ್. ಲಿವರ್ ಯಾವ ಕಡೆ ಇದೆ, ದೊಡ್ಡ ರಕ್ತನಾಳ ಯಾವ ಕಡೆ ಹೋಗುತ್ತಿದೆ. ಎಡಬಲ ಯಾವುದು ಅಂತ ಅಲ್ಲಿಂದಲೇ ಶುರು, ಏನನ್ನೂ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ. ಆಮೇಲೆ ಒಂದೊಂದೇ ಕೋಣೆ, ಒಂದೊಂದೇ ನಾಳ. ಇನ್ನೊಂದು ಕಟ್ಟಪ್ಪಣೆ: ಯಾವ ಹಸುಗೂಸನ್ನು ಮುಟ್ಟಿದರೂ ತೊಡೆಸಂದಿಯ ನಾಡಿ ನೋಡಲೇಬೇಕು. ಕೈಯಲ್ಲಿ ಚೆನ್ನಾಗಿ ಸಿಕ್ಕಿ ಅಲ್ಲಿ ಸಿಗದಿದ್ದರೆ ಮಹಾಧಮನಿ ಎಲ್ಲೋ ಕಿರಿದಾಗಿದೆ ಅಂತ ಅನುಮಾನ ಪಡಬೇಕು.

ಸೇರಿದ ಎರಡನೇ ವಾರವೋ ಏನೋ, ಪ್ರೊಫೆಸರ್ ವಾರ್ಡಿನಲ್ಲಿ ಕೇಳಿದರು, “ಫ್ಯಾಲಟ್ ಕಾಯಿಲೆ ಇರುವ ಮಗು ಯಾಕೆ ಕುಕ್ಕರಗಾಲಲ್ಲಿ ಕೂರುತ್ತದೆ?” ನನ್ನ ಜತೆಯವರಿಗೆ ಪುಸ್ತಕದ ಉತ್ತರ ನಾಲಿಗೆ ತುದಿಯಲ್ಲಿತ್ತು. ನನಗೂ ಗೊತ್ತಿತ್ತು, ಎಂ.ಡಿ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆವತ್ತು ಎದುರಿಗೆ ಮಂಚದ ಮೇಲೆ ಒಬ್ಬ ಏಳು ವರ್ಷದ ಹುಡುಗ ಹಾಗೇ ಕೂತಿದ್ದ, ಮಂಡಿ ಎದೆಗೊತ್ತಿಕೊಂಡು. ತುಟಿ ನೇರಳೆ. ನನಗೆ ಬಾಯಿಯೇ ಬರಲಿಲ್ಲ. ಅಷ್ಟು ವರ್ಷ ಓದಿದವನಿಗೆ ಮೆಟ್ಟಿಲೂ ಪುಸ್ತಕವೂ ಒಂದೇ ವಿಷಯ ಅಂತ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ವಿಷಯ ಇಷ್ಟೇ. ಫ್ಯಾಲಟ್ ಎಂಬ ಫ್ರೆಂಚ್ ವೈದ್ಯರು 1888ರಲ್ಲಿ ಈ ಕಾಯಿಲೆಯ ನಾಲ್ಕು ಗುರುತನ್ನು ಒಟ್ಟಿಗೆ ಬರೆದಿಟ್ಟರು. ಮುಖ್ಯವಾದದ್ದು ಎರಡು: ಕೆಳಗಿನ ಕೋಣೆಗಳ ನಡುವೆ ದೊಡ್ಡ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಅಬ್ಬಿಯ ನೀರು ಎರಡು ಅಡಿಕೆ ದಂಬೆಯಲ್ಲಿ ಬರುತ್ತಿದೆ ಅಂದುಕೊಳ್ಳಿ. ಒಂದರ ಬಾಯಿಗೆ ಕಸ ಸಿಕ್ಕಿದರೆ ನೀರು ಇನ್ನೊಂದರಲ್ಲಿ ನುಗ್ಗುತ್ತದೆ. ಇಲ್ಲಿ ಕಸ ಸಿಕ್ಕಿದ್ದು ಶ್ವಾಸಕೋಶದ ದಂಬೆಗೆ. ಹಾಗಾಗಿ ಆಮ್ಲಜನಕ ಸಿಗದ ರಕ್ತ ತೂತಿನ ಮೂಲಕ ಸೀದಾ ಮೈಗೆ ಹೋಗುತ್ತದೆ, ಮಗು ನೀಲಿಯಾಗುತ್ತದೆ. ಏರು ಹತ್ತಿದರೆ ಇದು ಇನ್ನೂ ಜಾಸ್ತಿ. ಕುಕ್ಕರಗಾಲಲ್ಲಿ ಕೂತಾಗ ತೊಡೆಯ ರಕ್ತನಾಳ ಮಡಚಿ ಮೈ ಕಡೆಯ ದಂಬೆಗೂ ಅಡ್ಡ ಇಟ್ಟ ಹಾಗಾಗುತ್ತದೆ. ಆಗ ಶ್ವಾಸಕೋಶದ ಕಡೆ ಸ್ವಲ್ಪ ಹೆಚ್ಚು ರಕ್ತ ಹೋಗುತ್ತದೆ. ಇದನ್ನು ಯಾರೂ ಆ ಮಕ್ಕಳಿಗೆ ಹೇಳಿಕೊಡುವುದಿಲ್ಲ. ತಾವೇ ಕಂಡುಕೊಂಡಿರುತ್ತಾರೆ. ನಮ್ಮ ನೇರಳೆ ದಿನಾ ಆ ಮೆಟ್ಟಿಲ ಮೇಲೆ ತನಗೆ ತಾನೇ ಔಷಧಿ ಕೊಟ್ಟುಕೊಳ್ಳುತ್ತಿದ್ದ. ನಾನು ಅದನ್ನು ಕಿತ್ತುಕೊಂಡಿದ್ದೆ.

ಈ ಕಾಯಿಲೆಯ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಒಬ್ಬರಿದ್ದಾರೆ. 1944ರ ನವೆಂಬರ್ 29ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಇಂಥ ನೀಲಿ ಮಗುವಿಗೆ ಮೊದಲ ಸಲ ಆಪರೇಷನ್ ಮಾಡಿದರು. ಕೈಗೆ ಹೋಗುವ ಒಂದು ನಾಳವನ್ನು ತಿರುಗಿಸಿ ಶ್ವಾಸಕೋಶದ ನಾಳಕ್ಕೆ ಹೊಲಿದರು. ಯೋಚನೆ ಮಕ್ಕಳ ಹೃದಯದ ಡಾಕ್ಟರ್ ಹೆಲೆನ್ ಟಾಸಿಗ್ ಅವರದ್ದು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಬಡಿತ ಓದುತ್ತಿದ್ದರು. ಚಾಕು ಹಿಡಿದದ್ದು ಆಲ್ಫ್ರೆಡ್ ಬ್ಲೇಲಾಕ್. ಅವರ ಬೆನ್ನ ಹಿಂದೆ ಒಂದು ಸ್ಟೂಲಿನ ಮೇಲೆ ನಿಂತು ಹೀಗೆ ಹೊಲಿಯಿರಿ, ಹಾಗೆ ಹೊಲಿಯಿರಿ ಎನ್ನುತ್ತಿದ್ದವರು ವಿವಿಯನ್ ಥಾಮಸ್. ಮರಗೆಲಸ ಕಲಿತಿದ್ದ ಕಪ್ಪು ಯುವಕ, ಡಾಕ್ಟರ್ ಡಿಗ್ರಿ ಇಲ್ಲ, ಓದಲು ಕೂಡಿಟ್ಟ ದುಡ್ಡು ಬ್ಯಾಂಕಿನ ಜತೆ ಮುಳುಗಿಹೋಗಿತ್ತು. ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಆ ಹೊಲಿಗೆಯನ್ನು ಮಾಡಿ ಮಾಡಿ ಕೈಗೆ ತಂದುಕೊಂಡವರು ಅವರೇ. ಆಪರೇಷನ್ನಿಗೆ ಉಳಿದಿಬ್ಬರ ಹೆಸರು ಬಿತ್ತು. ಇವರ ಹೆಸರನ್ನೂ ಸೇರಿಸಿ ಹೇಳುವ ರೂಢಿ ಬಂದದ್ದು ಬಹಳ ತಡವಾಗಿ.

ಈಗ ನಾನು ಶಿವಮೊಗ್ಗದಲ್ಲಿದ್ದೇನೆ. ಸಾಗರ, ತೀರ್ಥಹಳ್ಳಿ, ಸೊರಬದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬರುತ್ತಾರೆ. ಬಂದ ಕೂಡಲೇ ಸ್ಟೆತಸ್ಕೋಪ್ ಇಡುವುದಿಲ್ಲ. ಹಾಲು ಕುಡಿಸಿ ಅನ್ನುತ್ತೇನೆ, ನೋಡುತ್ತ ಕೂರುತ್ತೇನೆ. ಹೋದ ಆಷಾಢದಲ್ಲಿ ಒಬ್ಬಳು ತಾಯಿ ಎರಡು ತಿಂಗಳ ಮಗು ತಂದಿದ್ದಳು. ಹೊರಗೆ ಜಡಿಮಳೆ, ನಾವೆಲ್ಲ ಸ್ವೆಟರ್ ಹಾಕಿದ್ದೆವು. ಮಗು ನಾಲ್ಕು ಗುಟುಕು ಎಳೆಯುವುದು, ಬಿಟ್ಟು ಏದುಸಿರು ಬಿಡುವುದು, ಮತ್ತೆ ಎಳೆಯುವುದು. ಹಣೆಯ ಮೇಲೆ ಸಾಲಾಗಿ ಬೆವರ ಹನಿ. “ಶೆಕೆ ಆಗ್ತದೇನೋ ಅಂತ ಟೋಪಿ ತೆಗ್ದಿದ್ದೆ ಡಾಕ್ಟ್ರೇ” ಅಂದಳು. ಆಮೇಲೆ ದನಿ ತಗ್ಗಿಸಿ, “ಗ್ರಹಣದ ದಿನ ಹೊರಗೆ ಬಂದಿದ್ದೆ. ಅದ್ಕೇ ಹಿಂಗಾಯ್ತಾ?” ಅಂತ ಕೇಳಿದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಇಲ್ಲಮ್ಮ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ನನ್ನ ಕೆಲಸದಲ್ಲಿ ಇದೂ ಒಂದು ಚಿಕಿತ್ಸೆಯೇ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ನೋಡುತ್ತಿವೆ. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ, ಬೆರಳಿಗೆ ಹಾಕುವ ಆ ಸಣ್ಣ ಆಕ್ಸಿಮೀಟರ್ ಈಗ ಎಲ್ಲೆಲ್ಲೂ ಇದೆ. ಹುಟ್ಟಿದ ಒಂದು ದಿನದ ಮೇಲೆ ಮಗುವಿನ ಬಲಗೈಗೂ ಕಾಲಿಗೂ ಅದನ್ನಿಟ್ಟು ನೋಡಿ, 95ಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ಸುಮ್ಮನೆ ಬಿಡಬಾರದು. ನಮ್ಮ ಕಾಲದಲ್ಲಿ ಇದ್ದದ್ದು ವಿಜ್ಞಾನದ ಮೇಷ್ಟ್ರ ಕಣ್ಣು ಮಾತ್ರ. ಅವರು ಹುಡುಗನ ಅಪ್ಪನನ್ನು ಎರಡು ಸಲ ಕರೆಸಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದಿದ್ದರಂತೆ. ಇದು ನನಗೆ ಗೊತ್ತಾದದ್ದು ತೀರಾ ಈಚೆಗೆ, ಮೇಷ್ಟ್ರು ತೀರಿಕೊಂಡ ಮೇಲೆ, ಅವರ ಮನೆಯವರಿಂದ.

ನೇರಳೆ ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟ. ಅವನ ಅಪ್ಪ ಕೆಲಸ ಹುಡುಕಿಕೊಂಡು ಭದ್ರಾವತಿ ಕಡೆ ಹೋದರು ಅಂತ ಕೆಲವರು, ಘಟ್ಟದ ಕೆಳಗೆ ಇಳಿದರು ಅಂತ ಕೆಲವರು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1999ರ ಎಸ್.ಎಸ್.ಎಲ್.ಸಿ. ಬ್ಯಾಚಿನವರಿಗೆಲ್ಲ ಗೊತ್ತು. ಯಾರಿಗಾದರೂ ಅವನ ಸುದ್ದಿ ಇದ್ದರೆ ಶಾಲೆಯ ಆಫೀಸಿಗೆ ತಿಳಿಸಿ, ನನ್ನ ನಂಬರ್ ಅಲ್ಲಿದೆ. ಆಪರೇಷನ್ ಆಗಿದ್ದರೆ ಒಂದು ಎಕೋ ಬೇಕು, ಯಾಕೆಂದರೆ ಶ್ವಾಸಕೋಶದ ಕಡೆಯ ವಾಲ್ವು ವರ್ಷ ಕಳೆದ ಹಾಗೆ ಸೋರುವುದುಂಟು. ಆಗಿಲ್ಲದಿದ್ದರೆ ಇನ್ನೂ ತಡವಾಗಿಲ್ಲ ಅಂತ ಹೇಳಿ, ದೊಡ್ಡವರಿಗೂ ಇದನ್ನು ಮಾಡುತ್ತಾರೆ. ಶಿವಮೊಗ್ಗ ಬಸ್‌ಸ್ಟ್ಯಾಂಡಿಗೆ ಬಂದು ಫೋನ್ ಮಾಡಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನನ್ನ ಕೋಣೆ ಕೆಳಗಿನ ಮಹಡಿಯಲ್ಲೇ ಇದೆ, ಮೆಟ್ಟಿಲು ಹತ್ತಬೇಕಾಗಿಲ್ಲ.