ಹಾಗಾದ್ರೆ ಎಷ್ಟು ಮೀನಿವೆ?

ಇವತ್ತು ಮಗಳು ಟ್ಯಾಬ್‌ನಲ್ಲಿ ಮೀನು ಎಣಿಸುತ್ತಿದ್ದಳು. ಒಂದೊಂದನ್ನೂ ಬೆರಳಿಂದ ಮುಟ್ಟಿ, ಒಂದು, ಎರಡು, ಮೂರು, ನಾಲ್ಕು, ಐದು. ಒಂದೂ ತಪ್ಪಲಿಲ್ಲ.

"ಹಾಗಾದ್ರೆ ಎಷ್ಟು ಮೀನಿವೆ ಪುಟ್ಟಿ?" ಅಂದೆ.

ಮತ್ತೆ ಒಂದರಿಂದ ಶುರು ಮಾಡಿದಳು!

ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನೋದಕ್ಕೆ ಉತ್ತರ. ನಮಗೆ ಎಷ್ಟು ಸಲೀಸು, ಅಲ್ವಾ? ಮಕ್ಕಳಿಗೆ ಅದು ಬೇರೆಯೇ ಒಂದು ಕಲಿಕೆ. ಮನಶ್ಶಾಸ್ತ್ರಜ್ಞರಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲೇ ಎಣಿಕೆಯ ಐದು ತತ್ವಗಳಲ್ಲಿ ಇದನ್ನೂ ಸೇರಿಸಿದ್ದರು.

ಸುಮ್ನೆ ನೂರರವರೆಗೆ ಹೇಳಿಸುವ ಆಪ್‌ಗಳು ಬೇಕಾದಷ್ಟಿವೆ. ನನಗೆ ಇಷ್ಟವಾಗುವುದು ಮುಟ್ಟಿದ ಮೀನು ಬಣ್ಣ ಬದಲಿಸುವಂಥವು. ಎಣಿಸಿದ್ದು ಯಾವುದು, ಉಳಿದದ್ದು ಯಾವುದು, ಕಣ್ಣಿಗೇ ಕಾಣುತ್ತದೆ. ಕೊನೆಗೆ ಎಲ್ಲ ಒಟ್ಟಿಗೆ ಬಂದು "ಐದು ಮೀನು" ಅಂದರೆ ಇನ್ನೂ ಒಳ್ಳೆಯದು.

ಚುಕ್ಕಿಗಳನ್ನು ಒಂದು ಕ್ಷಣ ತೋರಿಸಿ ಮರೆಮಾಡುವ ಆಟವೂ ಚೆನ್ನ. ಮೂರಿದ್ದರೆ ಎಣಿಸದೇ ಹೇಳುತ್ತಾಳೆ. ಆರಾದರೆ ತಡವರಿಸುತ್ತಾಳೆ. ದೊಡ್ಡವರಿಗೂ ಒಂದೇ ನೋಟಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕೋ ಐದೋ.

ಆದರೆ ಚಪ್ಪಾಳೆ, ನಕ್ಷತ್ರ, ಸದ್ದು ಜಾಸ್ತಿಯಾದರೆ ಮಗುವಿನ ಗಮನ ಚುಕ್ಕಿ ಬಿಟ್ಟು ಅತ್ತ ಹೋಗಿಬಿಡುತ್ತದೆ. ಪಕ್ಕದಲ್ಲಿ ಕೂತು "ಇನ್ನೊಂದು ಮೀನು ಬಂದ್ರೆ?" ಅಂತ ಕೇಳಲು ದೊಡ್ಡವರೊಬ್ಬರು ಬೇಕೇ ಬೇಕು.

ನಿಮ್ಮ ಮಕ್ಕಳಿಗೆ ಯಾವ ಆಟ ಹಿಡಿಸಿದೆ? ಹೇಳಿ, ನಾವೂ ಆಡುತ್ತೇವೆ.