20 ಜನ, ಒಂದೇ ಒಲೆ: ಮನೆಯಲ್ಲೇ ಹಬ್ಬದ ಪಾರ್ಟಿ

ಊಟ 8 ಗಂಟೆಗೆ ಎಂದು ಎಲ್ಲರಿಗೂ ಹೇಳಿಯಾಗಿದೆ. 7ಕ್ಕೆ ಅಡುಗೆಮನೆಯಲ್ಲಿ ನಿಂತು ನೋಡಿದರೆ ನಾಲ್ಕು ಪಾತ್ರೆ ಒಲೆಗಾಗಿ ಕಾಯುತ್ತಿವೆ, ಸಿಂಕ್ ತುಂಬಿದೆ, ಫ್ರಿಜ್‌ನಲ್ಲಿ ಒಂದು ಬಾಟಲಿಗೂ ಜಾಗವಿಲ್ಲ, ಮೇಲೆ ಕಾಲಿಂಗ್ ಬೆಲ್ ಬೇರೆ. ಮನೆಯಲ್ಲಿ ಪಾರ್ಟಿ ಇಟ್ಟುಕೊಂಡವರ ತಲೆಬಿಸಿಯೆಲ್ಲ ಹೆಚ್ಚುಕಡಿಮೆ ಈ ಒಂದು ಗಂಟೆಯದೇ. ಮೆನು ಬರೆಯುವ ಮೊದಲು ಆ ಗಂಟೆಯಲ್ಲಿ ಒಲೆ ಯಾವುದಕ್ಕೆ, ಸಿಂಕ್ ಯಾವುದಕ್ಕೆ, ಫ್ರಿಜ್ ಯಾವುದಕ್ಕೆ ಎಂದು ಬರೆದುಕೊಳ್ಳಿ.

ಐದು ಬಗೆ ಮಾಡುವುದಿದ್ದರೆ ಎರಡು ಹಿಂದಿನ ದಿನವೇ ಮಾಡಿಟ್ಟು ಬಿಸಿ ಮಾಡುವಂಥವಿರಲಿ. ಗ್ರೇವಿ, ಕಾಳಿನ ಪದಾರ್ಥಗಳು ಫ್ರಿಜ್‌ನಲ್ಲಿ ಒಂದು ರಾತ್ರಿ ಕಳೆದರೆ ರುಚಿ ಹೆಚ್ಚುತ್ತವೆಯೇ ಹೊರತು ಕೆಡುವುದಿಲ್ಲ. ಎರಡು ತಣ್ಣಗೇ ತಿನ್ನುವಂಥವು. ಕೊನೆಯ ಗಂಟೆಯಲ್ಲಿ ಹೊಸದಾಗಿ ಬೇಯಬೇಕಾದದ್ದು ಒಂದೇ, ಅದು ಅನ್ನವಾಗಿರಲಿ. ಕರಿದ ತಿಂಡಿ ಕೈಬಿಡಿ. ಒಮ್ಮೆಲೇ ಜಾಸ್ತಿ ಹಾಕಿದರೆ ಎಣ್ಣೆಯ ಬಿಸಿ ಇಳಿದು ತಿಂಡಿ ಎಣ್ಣೆ ಕುಡಿಯುತ್ತದೆ. ನಾಲ್ಕು ನಾಲ್ಕೇ ಹಾಕಿದರೆ ಮನೆಯವರಲ್ಲಿ ಒಬ್ಬರಿಗೆ ಬಾಣಲೆ ಮುಂದೆಯೇ ಪಾರ್ಟಿ ಮುಗಿಯುತ್ತದೆ.

ಬೇರೆ ಪದಾರ್ಥಗಳಿದ್ದಾಗ ಅಕ್ಕಿ ತಲೆಗೆ 75 ಗ್ರಾಂ ಸಾಕು, 20 ಜನರಿಗೆ ಒಂದೂವರೆ ಕೆಜಿ. ನಾಲ್ಕು ಜನರ ಗ್ರೇವಿಯನ್ನು 20 ಜನರಿಗೆ ಮಾಡುವಾಗ ತರಕಾರಿ ಐದು ಪಟ್ಟು ಹಾಕಿ, ನೀರು ಮಾತ್ರ ಹಾಗೆ ಹಾಕಬೇಡಿ. ನೀರು ಆವಿಯಾಗುವುದು ಪಾತ್ರೆಯ ಬಾಯಿಯ ಅಗಲದ ಮೇಲೆ. ಬಾಯಿ ಐದು ಪಟ್ಟು ಅಗಲವಾಗಿರುವುದಿಲ್ಲವಲ್ಲ, ಹಾಗಾಗಿ ನೀರುನೀರಾಗುತ್ತದೆ. ನಾಲ್ಕು ಪಟ್ಟು ಹಾಕಿ ನೋಡಿ, ಬೇಕಾದರೆ ಸೇರಿಸಿ. ಉಪ್ಪು ಖಾರಕ್ಕೂ ಇದೇ ಮಾತು. ಎಲ್ಲರೂ ಎಡವುವುದು ಸಮಯದಲ್ಲಿ. ಒಂದು ಲೀಟರ್ ನೀರು 6 ನಿಮಿಷದಲ್ಲಿ ಕುದಿಯುವ ಉರಿಯಲ್ಲಿ 5 ಲೀಟರ್ ಕುದಿಯಲು ಅರ್ಧ ಗಂಟೆ ಬೇಕು. ‘ಬರೀ ಬಿಸಿ ಮಾಡುವುದು ತಾನೇ’ ಎಂದುಕೊಂಡದ್ದು ಒಲೆಯನ್ನು ಅಷ್ಟು ಹೊತ್ತು ಹಿಡಿದುಕೊಳ್ಳುತ್ತದೆ. ಬಿಸಿಯಾದದ್ದನ್ನು ಹಾಟ್‌ಬಾಕ್ಸ್‌ಗೆ ಹಾಕಿ, ಆದರೆ ಅದರಲ್ಲಿ ಮೊದಲು 5 ನಿಮಿಷ ಕುದಿಯುವ ನೀರು ತುಂಬಿಟ್ಟು ಚೆಲ್ಲಿ. ತಣ್ಣನೆಯ ಡಬ್ಬಿ ಊಟದ ಬಿಸಿಯನ್ನೇ ಎಳೆದುಕೊಳ್ಳುತ್ತದೆ.

ಹಿಂದಿನ ದಿನ ಮಾಡಿಟ್ಟದ್ದು ಹಳಸುವುದಕ್ಕೆ ಸಾಮಾನ್ಯವಾಗಿ ದೊಡ್ಡ ಪಾತ್ರೆಯೇ ಕಾರಣ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಊಟ ಆ ಅಂತರದಲ್ಲಿ 2 ಗಂಟೆಗಿಂತ ಹೆಚ್ಚು ಇರಬಾರದು. ಹತ್ತು ಲೀಟರ್ ಗ್ರೇವಿಯನ್ನು ಮುಚ್ಚಿ ಕಟ್ಟೆಯ ಮೇಲೆ ಬಿಟ್ಟರೆ ನಡುವಿನ ಭಾಗ ಎಷ್ಟೋ ಗಂಟೆ ಬೆಚ್ಚಗೇ ಇರುತ್ತದೆ. 5 ಸೆಂಟಿಮೀಟರಿಗಿಂತ ಆಳವಿಲ್ಲದ ಅಗಲ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಕೈಯಾಡಿಸಿ, ಆಮೇಲೆ ಫ್ರಿಜ್‌ಗೆ ಇಡಿ. ಒಂದರ ಮೇಲೊಂದು ಒತ್ತಿ ಪೇರಿಸಿದರೆ ನಡುವೆ ಗಾಳಿ ಆಡದೆ ಫ್ರಿಜ್ ಇದ್ದೂ ಇಲ್ಲದಂತೆ. ಮರುದಿನ ಬಿಸಿ ಮಾಡುವಾಗ ಅಂಚಿನಲ್ಲಿ ಗುಳ್ಳೆ ಬಂತೆಂದು ಇಳಿಸಬೇಡಿ. ತಳದಿಂದ ಕೈಯಾಡಿಸಿ, ನಡುವಿನಲ್ಲೂ ಕುದಿ ಬರಲಿ. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ದಾಟಬೇಕು.

ಪಾನೀಯಗಳನ್ನು ಅವತ್ತು ಫ್ರಿಜ್‌ನಿಂದ ಹೊರಗೆ ತೆಗೆಯಿರಿ. ದೊಡ್ಡ ಟಬ್ಬಿನಲ್ಲಿ ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಉಪ್ಪು. ಬರೀ ಐಸ್ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ತಾಗುತ್ತದೆ. ಉಪ್ಪು ಸೇರಿದರೆ ಸೊನ್ನೆಗಿಂತ ಕೆಳಗಿಳಿದರೂ ನೀರು ಹೆಪ್ಪುಗಟ್ಟುವುದಿಲ್ಲ. ಅರ್ಧ ಗಂಟೆಯೊಳಗೆ ಬಾಟಲಿ ತಣ್ಣಗಾಗುತ್ತದೆ. ಐಸ್ ತಲೆಗೆ ಅರ್ಧ ಕೆಜಿ ಹಿಡಿಯಿರಿ, ಅಂದರೆ 10 ಕೆಜಿ. ಫ್ರೀಜರಿನ ಟ್ರೇಗೆ ಸುಮಾರು ಕಾಲು ಕೆಜಿ ಬರುತ್ತದೆ, ಲೆಕ್ಕ ಹಾಕಿದರೆ 40 ಟ್ರೇ. ಕೊಂಡು ತರುವುದೇ ಲೇಸು.

ಊಟದ ಮೇಜನ್ನು ಗೋಡೆಯಿಂದ ಎಳೆದು ನಡುವಿಗೆ ಹಾಕಿದರೆ ಎರಡೂ ಬದಿಯಿಂದ ಬಡಿಸಿಕೊಳ್ಳಬಹುದು, ಸಾಲು ಅರ್ಧಕ್ಕರ್ಧ. ತಟ್ಟೆ ಮೊದಲಿಗೆ, ಚಮಚ ಮತ್ತು ನ್ಯಾಪ್ಕಿನ್ ಕೊನೆಗೆ. ಮೊದಲೇ ಇಟ್ಟರೆ ಬಡಿಸಿಕೊಳ್ಳುವ ಕೈಗೆ ಅವೇ ಅಡ್ಡ. ನೀರು, ಪಾನೀಯ ಕೋಣೆಯ ಇನ್ನೊಂದು ಮೂಲೆಯಲ್ಲಿರಲಿ. ಅಲರ್ಜಿ ಇರುವವರಿಗೆ ಗೊತ್ತಾಗುವಂತೆ ಕಡಲೆಬೀಜ, ಗೋಡಂಬಿ ಹಾಕಿದ ಪದಾರ್ಥಕ್ಕೆ ಚೀಟಿ ಅಂಟಿಸಿ, ಅದರ ಸೌಟು ಬೇರೆ ಪಾತ್ರೆಗೆ ಹೋಗದಂತೆ ತುದಿಯಲ್ಲಿಡಿ.

ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬರುತ್ತದೆ. 20 ಜನರೆಂದರೆ ಕೋಣೆಯಲ್ಲಿ 2000 ವಾಟಿನ ಹೀಟರ್ ಹಾಕಿದಂತೆ. ಕಿಟಕಿ, ಫ್ಯಾನು, ಎಸಿ ಏನೇ ಇದ್ದರೂ ಜನ ಬರುವ ಅರ್ಧ ಗಂಟೆ ಮೊದಲೇ ಶುರುವಾಗಲಿ. ಇಂಡಕ್ಷನ್ ಒಲೆ, ಕೆಟಲ್, ಮೈಕ್ರೋವೇವ್ ಎಂಬ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವಯರ್ ಕಾಯುತ್ತದೆ, ಸರಿಯಾದ ಗಳಿಗೆಯಲ್ಲಿ ಫ್ಯೂಸ್ ಹೋಗುತ್ತದೆ.

ಶೌಚಾಲಯದಲ್ಲಿ ಸಾಬೂನು, ಒಣ ಟವೆಲ್, ಮುಚ್ಚಳದ ಡಬ್ಬಿ. ಕಸದ ಬುಟ್ಟಿ ಕಣ್ಣಿಗೆ ಬೀಳುವಲ್ಲಿ ಎರಡಿರಲಿ.

‘ಏನಾದರೂ ಮಾಡಲಾ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ‘ಏನೂ ಬೇಡ, ಕೂತ್ಕೊಳ್ಳಿ’ ಎನ್ನುವ ಸೌಜನ್ಯ ಬಿಟ್ಟು ನೀರಿನ ಜಗ್ಗಿನ ಉಸ್ತುವಾರಿ ಅವರಿಗೇ ಕೊಡಿ. ನೀವು 7:30ರೊಳಗೆ ಸಿಂಕ್ ಖಾಲಿ ಮಾಡಿ ಅರ್ಧದಷ್ಟು ಸೋಪಿನ ನೀರು ತುಂಬಿ. ಬಳಸಿದ ಸೌಟು, ಪಾತ್ರೆ ನೇರ ಅದರೊಳಗೆ.

8ಕ್ಕೆ ಬಡಿಸಿದ್ದು 10ಕ್ಕೆ ಮೇಜಿನ ಮೇಲಿರಬಾರದು. ಮಾತು ನಡೆಯುತ್ತಿದ್ದರೂ ಎದ್ದು ಎತ್ತಿಡಿ, ಅನ್ನ ಮೊದಲು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ಬಿಡುವ ವಿಷ ಮರುದಿನ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ.