ಜಿಪ್ಸಿ ಸ್ಟ್ರೋಕರ್, ಮೂರನೇ ಕಂತು: ಕ್ರ್ಯಾಂಕಿಗೆ ಯಾವ ಉಕ್ಕು?

ದಾವಣಗೆರೆಯ ಪಿ.ಬಿ. ರಸ್ತೆಯ ಶೆಡ್ಡಿನಲ್ಲಿ ಬಿಚ್ಚಿಟ್ಟಿರುವುದು 1,298 ಸಿಸಿಯ ಮಾರುತಿ ಜಿಪ್ಸಿ ಎಂಜಿನ್. ಬೋರ್ (ಸಿಲಿಂಡರಿನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75.5. ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನೇ ಸ್ಟ್ರೋಕರ್. ಅದಕ್ಕೆ ಬದಲಾಗಬೇಕಾದದ್ದು ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಶಾಫ್ಟ್. ಬೋರ್ ಮುಟ್ಟದೆ ಸ್ಟ್ರೋಕನ್ನು 79.5ಕ್ಕೆ ಏರಿಸಿದರೆ 1,368 ಸಿಸಿ ಆಗುತ್ತದೆ. ಹೆಚ್ಚುವುದು 70 ಸಿಸಿ ಮಾತ್ರ. ಆದರೂ ಕಲ್ಲುದಾರಿಯ ಏರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಬೇಕಾದ ಎಳೆತಕ್ಕೆ ಅದು ಸಾಕು.

ಅಗ್ಗದ ದಾರಿ ಆಫ್‌ಸೆಟ್ ಗ್ರೈಂಡಿಂಗ್. ಕ್ರ್ಯಾಂಕಿನ 42 ಮಿ.ಮೀ. ಪಿನ್ನನ್ನು (ಪಿಸ್ಟನ್ನಿನ ರಾಡ್ ಕೂರುವ ಭಾಗ) ಒಳಬದಿಯಿಂದ ಮಾತ್ರ ತಿಂದು 38ಕ್ಕೆ ಇಳಿಸಿದರೆ ಪಿನ್ನಿನ ಕೇಂದ್ರ 2 ಮಿ.ಮೀ. ಹೊರಗೆ ಸರಿಯುತ್ತದೆ, ಸ್ಟ್ರೋಕ್ 4 ಹೆಚ್ಚುತ್ತದೆ. ಇದನ್ನು ಕೈಬಿಟ್ಟಿದ್ದೇವೆ. ಕಾರಣ ಓವರ್‌ಲ್ಯಾಪ್. ಕ್ರ್ಯಾಂಕನ್ನು ತುದಿಯಿಂದ ನೋಡಿದರೆ ಮೇನ್ ಜರ್ನಲ್ಲಿನ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) ವೃತ್ತವೂ ಪಿನ್ನಿನ ವೃತ್ತವೂ ಸ್ವಲ್ಪ ಒಂದರ ಮೇಲೊಂದು ಬೀಳುತ್ತವೆ. ಅಷ್ಟು ಜಾಗದಲ್ಲಿ ಲೋಹ ನೇರವಾಗಿ ಪಿನ್ನಿನಿಂದ ಜರ್ನಲ್ಲಿಗೆ ಹರಿಯುತ್ತದೆ. ಮೇನ್ 45, ಪಿನ್ 42 ಇರುವ ಮೂಲ ಕ್ರ್ಯಾಂಕಿನಲ್ಲಿ ಈ ಅಳತೆ 5.75 ಮಿ.ಮೀ. ಆಫ್‌ಸೆಟ್ ಮಾಡಿದರೆ 1.75ಕ್ಕೆ ಕುಸಿಯುತ್ತದೆ. ಪಿನ್ನನ್ನು 42ರಲ್ಲೇ ಉಳಿಸಿ ಹೊಸ ಕ್ರ್ಯಾಂಕ್ ಕಡೆದರೆ 3.75 ಉಳಿಯುತ್ತದೆ. ಆ 2 ಮಿ.ಮೀ.ಗಾಗಿಯೇ ಇಷ್ಟೆಲ್ಲ ಖರ್ಚು.

ಇನ್ನೊಂದು ಕಾರಣವೂ ಇತ್ತು. ಕೈಲಿರುವ ಕ್ರ್ಯಾಂಕಿನ ವೆಬ್ (ಪಿನ್ನನ್ನೂ ಜರ್ನಲ್ಲನ್ನೂ ಕೂಡಿಸುವ ತೋಳು) ಮೇಲೆ ಅಚ್ಚಿನ ಗೆರೆ ದಾರದಷ್ಟು ಸಣ್ಣಗಿದೆ, ಎಂದರೆ ಎರಕದ್ದು. ಫೋರ್ಜಿಂಗ್ (ಕಾಯಿಸಿ ಬಡಿದು ರೂಪಿಸಿದ್ದು) ಆಗಿದ್ದರೆ ಹೆಚ್ಚುವರಿ ಲೋಹ ಕತ್ತರಿಸಿದ ಅಗಲ ಪಟ್ಟಿ ಕಾಣಬೇಕಿತ್ತು. ಎರಕದ ಎಸ್‌ಜಿ ಐರನ್ (ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣ) ಕೆಟ್ಟದ್ದೇನಲ್ಲ, ಫಿಲೆಟ್ (ಪಿನ್ನು ವೆಬ್ಬಿಗೆ ಸೇರುವ ದುಂಡು ಮೂಲೆ) ರೋಲ್ ಮಾಡಿದರೆ, ಅಂದರೆ ರೋಲರಿನಿಂದ ಒತ್ತಿ ಗಟ್ಟಿ ಮಾಡಿದರೆ, ಚೆನ್ನಾಗಿಯೇ ಬಾಳುತ್ತದೆ. ಆದರೆ ಗ್ರೈಂಡಿಂಗ್ ಕಲ್ಲು ಮೊದಲು ತಿನ್ನುವುದೇ ಆ ರೋಲ್ ಮಾಡಿದ ಮೂಲೆಯನ್ನು.

ಉಕ್ಕಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಲವಾಗಿದೆ: ದುಬಾರಿ ಉಕ್ಕು ಹಾಕಿದರೆ ಕ್ರ್ಯಾಂಕ್ ಕಡಿಮೆ ಬಾಗುತ್ತದೆ ಅನ್ನುವುದು. ಹಾಗಾಗುವುದಿಲ್ಲ. ಉಕ್ಕಿನ ದರ್ಜೆ ಇಎನ್-8 ಆಗಲಿ ಇಎನ್-24 ಆಗಲಿ, ಬಾಗುವಿಕೆಗೆ ಒಡ್ಡುವ ಪ್ರತಿರೋಧ ಹೆಚ್ಚುಕಡಿಮೆ ಒಂದೇ, ಸುಮಾರು 205 ಗಿಗಾಪ್ಯಾಸ್ಕಲ್. ಬಾಗುವುದನ್ನು ತಡೆಯುವುದು ದಪ್ಪ ಮತ್ತು ಓವರ್‌ಲ್ಯಾಪ್. ಒಳ್ಳೆಯ ಉಕ್ಕು ಕೊಡುವುದು, ಲಕ್ಷಾಂತರ ಸಲ ಬಾಗಿದರೂ ಬಿರುಕು ಬಿಡದ ಗುಣ.

ಇಎನ್-8 ಸಾದಾ ಕಾರ್ಬನ್ ಉಕ್ಕು, ಈ ಕೆಲಸಕ್ಕೆ ಬೇಡ. ಇಎನ್-19 ಸಣ್ಣ ಬಾರಿನಲ್ಲಿ ಚೆನ್ನ, ಆದರೆ ನಮಗೆ ಬೇಕಾದದ್ದು 140 ಮಿ.ಮೀ. ವ್ಯಾಸ. ಅಷ್ಟು ದಪ್ಪದ ಬಾರಿನ ನಡುವಿಗೆ ಗಡಸು ಸರಿಯಾಗಿ ಇಳಿಯುವುದಿಲ್ಲ, ಪಿನ್ನು ಜರ್ನಲ್ಲು ಕಡೆಯುವುದೋ ಬಾರಿನ ಒಳಭಾಗದಲ್ಲೇ. ಇಎನ್-24ರಲ್ಲಿ ಸುಮಾರು ಒಂದೂವರೆ ಶೇಕಡಾ ನಿಕಲ್ ಇರುವುದರಿಂದ ಗಡಸು ಆಳಕ್ಕೆ ಹೋಗುತ್ತದೆ. ನೈಟ್ರೈಡಿಂಗ್‌ಗೆ (ಕೊನೆಗೆ ಒಲೆಯಲ್ಲಿ ಸಾರಜನಕ ಇಳಿಸಿ ಮೇಲ್ಮೈ ಗಡಸು ಮಾಡುವುದಕ್ಕೆ) ಅತ್ಯುತ್ತಮವಾದದ್ದು 3 ಶೇಕಡಾ ಕ್ರೋಮಿಯಂ ಇರುವ ಇಎನ್-40ಬಿ. ಒಂದೇ ಪೀಸಿಗೆ ಆ ದಪ್ಪದ ಬಾರ್ ಹುಡುಕುವುದು ಕಷ್ಟವಾದ್ದರಿಂದ ಆಯ್ಕೆ ಇಎನ್-24, ಮೊದಲೇ ಗಡಸು ಮಾಡಿ ಹದಗೊಳಿಸಿದ ಟಿ ಕಂಡೀಶನ್‌ನದ್ದು. 450 ಮಿ.ಮೀ. ಉದ್ದದ ತುಂಡು ಸುಮಾರು 54 ಕೆ.ಜಿ. ತೂಗುತ್ತದೆ, ಬಹುಪಾಲು ಲೇತಿನ ಕೆಳಗೆ ಸುರುಳಿಯಾಗಿ ಬೀಳುವಂಥದ್ದೇ. ಬಾರ್ ಕೊಳ್ಳುವಾಗ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಗುರುತು) ಇರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದೇ ನಂಬರ್ ಬಾರಿನ ತುದಿಯಲ್ಲಿ ಪಂಚ್ ಆಗಿದೆಯೇ ನೋಡಿ. ತುದಿಗೆ ಬಳಿದ ಬಣ್ಣ ನಂಬಬೇಡಿ.

ರಫಿಂಗ್ (ಮೊದಲ ಒರಟು ಕಡೆತ) ನಡೆದಿರುವುದು ಹರಿಹರದಲ್ಲೇ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತಿನ ಮೇಲೆ. ಎಲ್ಲ ಕಡೆ 1 ಮಿ.ಮೀ. ಬಿಟ್ಟು ನಿಲ್ಲಿಸಿದ್ದೇವೆ. ಇನ್ನು 550 ಡಿಗ್ರಿಯಲ್ಲಿ ಸ್ಟ್ರೆಸ್ ರಿಲೀವ್ ಆಗಬೇಕು. ಇದನ್ನು ತಪ್ಪಿಸಿದರೆ ಒಳಗೆ ಉಳಿದ ಎಳೆತ ನೈಟ್ರೈಡಿಂಗ್ ಒಲೆಯಲ್ಲಿ ಬಿಡುಗಡೆಯಾಗಿ ಕ್ರ್ಯಾಂಕ್ ಸೊಟ್ಟಗಾಗುತ್ತದೆ. ಆಮೇಲೆ ನೆಟ್ಟಗೆ ಮಾಡಲು ಪ್ರೆಸ್ಸಿಗೆ ಹಾಕಿದರೆ ಗಡಸು ಪದರ ಸೀಳುತ್ತದೆ.

ಆಮೇಲೆ ಫಿನಿಶ್ ಗ್ರೈಂಡಿಂಗ್. ಫಿಲೆಟ್ 2.5 ಮಿ.ಮೀ. ತ್ರಿಜ್ಯ. ರೇಡಿಯಸ್ ಗೇಜ್ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದಾಗ ಬೆಳಕು ಎಲ್ಲೂ ಸೋರಬಾರದು. ಫಿಲೆಟ್ ದೊಡ್ಡದಾದಷ್ಟೂ ಬೇರಿಂಗ್ ಶೆಲ್ಲಿನ ಅಂಚು ಅದಕ್ಕೆ ತಾಗುತ್ತದೆ, ಹಾಗಾಗಿ ಶೆಲ್ಲಿನ ಅಂಚಿಗೂ ಸವರು ಕೊಡಬೇಕು. ಎಣ್ಣೆ ತೂತಿನ ಬಾಯನ್ನು ನೈಟ್ರೈಡಿಂಗ್‌ಗೆ ಮುಂಚೆಯೇ ದುಂಡಗೆ ಮಾಡಿ. ಚೂಪು ಅಂಚು ನೈಟ್ರೈಡ್ ಆದರೆ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಆ ಚಕ್ಕೆ ನೇರ ಬೇರಿಂಗಿಗೇ ಹೋಗುತ್ತದೆ.

ಗ್ರೈಂಡಿಂಗ್‌ನಲ್ಲಿ ಕೂಲೆಂಟ್ ಕಡಿಮೆಯಾದರೆ ಜರ್ನಲ್ ಮೇಲೆ ಕಂದು ಛಾಯೆ ಮೂಡಿ, ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಕಣ್ಣಿಗೆ ಕಾಣದು, ಆದ್ದರಿಂದ ನೈಟ್ರೈಡಿಂಗ್‌ಗೆ ಮೊದಲೊಮ್ಮೆ, ನಂತರ ಒಮ್ಮೆ ಮ್ಯಾಗ್ನಾಫ್ಲಕ್ಸ್ (ಕಾಂತ ಬಳಸಿ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಬೇಕು. ಗ್ಯಾಸ್ ನೈಟ್ರೈಡಿಂಗ್ 510 ಡಿಗ್ರಿಯಲ್ಲಿ. ವ್ಯಾಸ 0.01ರಿಂದ 0.02 ಮಿ.ಮೀ. ಬೆಳೆಯುತ್ತದೆ, ಅಷ್ಟನ್ನು ಮೊದಲೇ ಕಳೆದಿಟ್ಟು ಆಮೇಲೆ ಪಾಲಿಶ್ ಮಾತ್ರ.

ನಾಲ್ಕು ಸಿಲಿಂಡರ್ ಸಾಲು ಎಂಜಿನ್ ಆದ್ದರಿಂದ ಬ್ಯಾಲೆನ್ಸಿಂಗ್‌ಗೆ ಬಾಬ್‌ವೇಟ್ (ಪಿನ್ನಿಗೆ ಕಟ್ಟುವ ತೂಕ) ಬೇಕಿಲ್ಲ. ಕ್ರ್ಯಾಂಕಿನ ಮುಂತುದಿಯ ಪುಲ್ಲಿ ರಬ್ಬರ್ ಪದರವಿರುವುದೇ ಉಳಿಯುತ್ತದೆ. ಗಟ್ಟಿ ಅಲ್ಯೂಮಿನಿಯಂ ಪುಲ್ಲಿಗೆ ತಿರುಚು ಕಂಪನ ನುಂಗುವ ಶಕ್ತಿ ಇಲ್ಲ.

ಬೆಂಚಿನ ಮೇಲೆ ಬಾಕಿ ಇರುವುದು: ಟಿಡಿಸಿಯಲ್ಲಿ (ಪಿಸ್ಟನ್ ತೀರ ಮೇಲಿರುವ ಸ್ಥಾನ) ಪಿಸ್ಟನ್ 2 ಮಿ.ಮೀ. ಮೇಲೆ ಬರುವುದರಿಂದ ಗಜನ್ ಪಿನ್ನಿನಿಂದ (ಪಿಸ್ಟನ್ನಿಗೆ ರಾಡ್ ಸೇರಿಸುವ ಪಿನ್) ತಲೆಯವರೆಗೆ ಅಷ್ಟೇ ಗಿಡ್ಡಗಿರುವ ಪಿಸ್ಟನ್. ಬ್ಲಾಕಿನ ಬುಡಕ್ಕೂ ರಾಡ್ ಬೋಲ್ಟಿನ ತಲೆಗೂ ನಡುವೆ ಕನಿಷ್ಠ 1.5 ಮಿ.ಮೀ. ಸಂದು. ಎರಡನೆಯದನ್ನು ಜೇಡಿಮಣ್ಣು ಒತ್ತಿ, ಹಳೆಯ ರಾಡನ್ನು ಮರದ ಡಮ್ಮಿ ಕ್ರ್ಯಾಂಕಿಗೆ ಕಟ್ಟಿ ನೋಡಿದೆವು. ಮೂರನೇ ಸಿಲಿಂಡರಿನಲ್ಲಿ ಮಣ್ಣು 0.8ಕ್ಕೆ ತೆಳುವಾಗಿದೆ. ಅಲ್ಲಿ ಬ್ಲಾಕ್ ಸವರಬೇಕು.